ಒಂದೇ ರಸ್ತೆಯ ಎರಡು ವಿದ್ಯಾಲಯಗಳು: ಎಂಜಿನಿಯರಿಂಗ್ ಎಲ್ಲಿ ಕಲಿಯಬೇಕು?

ಎಂಜಿನಿಯರಿಂಗ್ ಓದಲು ಎಲ್ಲಿಗೆ ಸೇರಬೇಕು? ದ್ವಿತೀಯ ಪಿಯುಸಿ ಫಲಿತಾಂಶ ಬಂದೊಡನೆ ಮನೆಮನೆಯಲ್ಲೂ ಈ ಪ್ರಶ್ನೆ ಏಳುತ್ತದೆ. ಸಿಇಟಿಯ ಆಯ್ಕೆಪಟ್ಟಿಯಲ್ಲಿ ಯಾವ ಕಾಲೇಜಿನ ಹೆಸರನ್ನು ಮೇಲೆ ಹಾಕಬೇಕು, ಯಾವುದನ್ನು ಕೆಳಗೆ ಎಂದು ವಿದ್ಯಾರ್ಥಿಗಳು ಉಪಾಧ್ಯಾಯರನ್ನು ಕೇಳುತ್ತಾರೆ. ಎರಡೂ ಹೆಸರಾಂತ ಸಂಸ್ಥೆಗಳೇ ಆಗಿದ್ದರಂತೂ ಪೇಚಾಟ ಇನ್ನೂ ಹೆಚ್ಚು. ಉಪಾಧ್ಯಾಯರು ಕಟ್ಟಡ, ಹಾಸ್ಟೆಲು, ಕ್ಯಾಂಪಸ್ ಸಂದರ್ಶನಗಳ ಲೆಕ್ಕ ಹೇಳಿ ಸಮಾಧಾನ ಮಾಡುತ್ತಾರೆ. ಆದರೆ ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ. ಎಂಜಿನಿಯರನನ್ನು ರೂಪಿಸಬೇಕಾದುದು ಎಲ್ಲ ವಿದ್ಯೆಗಳೂ ಇರುವ ವಿಶ್ವವಿದ್ಯಾನಿಲಯದಲ್ಲಿಯೋ ಅಥವಾ ಅದಕ್ಕೆಂದೇ ಕಟ್ಟಿದ ಪ್ರತ್ಯೇಕ ಸಂಸ್ಥೆಯಲ್ಲಿಯೋ? ಅಮೆರಿಕದ ಬಾಸ್ಟನ್ ಪ್ರದೇಶದಲ್ಲಿ ಈ ಪ್ರಶ್ನೆಯ ಮೇಲೆ ಅರ್ಧ ಶತಮಾನಕ್ಕೂ ಮಿಕ್ಕಿ ಜಗಳ ನಡೆಯಿತು. ಅದು ಬಗೆಹರಿದದ್ದು ಒಬ್ಬ ಪಾದರಕ್ಷೆ ಯಂತ್ರದ ವ್ಯಾಪಾರಿಯ ಉಯಿಲಿನಿಂದ!

ನಕ್ಷೆ ತೆಗೆದು ನೋಡಿ. ಬಾಸ್ಟನ್ ನಗರದ ಪಕ್ಕದಲ್ಲಿ ಚಾರ್ಲ್ಸ್ ನದಿ. ನದಿಯಾಚೆ ಕೇಂಬ್ರಿಜ್ ಎಂಬ ಊರು. (ಇದು ಇಂಗ್ಲೆಂಡಿನ ಕೇಂಬ್ರಿಜ್ ಅಲ್ಲ.) ಅಲ್ಲಿ 1636ರಷ್ಟು ಹಿಂದೆ ಸ್ಥಾಪನೆಯಾದ ಹಾರ್ವರ್ಡ್ ವಿಶ್ವವಿದ್ಯಾನಿಲಯವಿದೆ. ಅದರಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ, ಅದೇ ಮೆಸಾಚುಸೆಟ್ಸ್ ಅವೆನ್ಯೂ ಎಂಬ ರಸ್ತೆಯ ಮೇಲೆ, ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆ, ಅಂದರೆ ನಾವೆಲ್ಲ ಎಂಐಟಿ ಎಂದು ಕರೆಯುವ ಸಂಸ್ಥೆ ಇದೆ. ಇಂದು ಜಗತ್ತಿನ ಯಾವ ಮೂಲೆಯ ವಿದ್ಯಾರ್ಥಿಗಾದರೂ ಎರಡರಲ್ಲೂ ಸೀಟು ಸಿಕ್ಕಿದರೆ ನಿದ್ರೆ ಬಾರದು. ಆದರೆ ಈ ಎರಡರಲ್ಲಿ ಆಯ್ಕೆಯೇ ಇಲ್ಲದಂತೆ ಮಾಡಲು, ಅಂದರೆ ಒಂದನ್ನು ಇನ್ನೊಂದರೊಳಗೆ ಸೇರಿಸಿಬಿಡಲು, ಕಡಿಮೆಯೆಂದರೂ ಆರು ಬಾರಿ ಪ್ರಯತ್ನ ನಡೆಯಿತೆಂಬುದು ಎಷ್ಟು ಜನರಿಗೆ ಗೊತ್ತು?

ಮೊದಲು ಹೆಜ್ಜೆ ಇಟ್ಟದ್ದು ಹಾರ್ವರ್ಡ್. 1847ರಲ್ಲಿ ಅಬಟ್ ಲಾರೆನ್ಸ್ ಎಂಬ ಬಟ್ಟೆ ಗಿರಣಿಗಳ ಒಡೆಯ 50,000 ಡಾಲರುಗಳನ್ನು ದಾನವಾಗಿ ಕೊಟ್ಟ. ದೇಶದಲ್ಲಿ ರೈಲುಮಾರ್ಗಗಳು ಹರಡುತ್ತಿವೆ, ಗಣಿಗಳು ತೆರೆಯುತ್ತಿವೆ, ಗಿರಣಿಗಳು ಏಳುತ್ತಿವೆ. ಇವುಗಳನ್ನು ನಡೆಸಬಲ್ಲ ಎಂಜಿನಿಯರುಗಳು, ಗಣಿ ತಜ್ಞರು, ಯಂತ್ರ ನಿರ್ಮಾಪಕರು ಬೇಕು ಎಂಬುದು ಅವನ ಆಶಯ. ಅವನ ಹೆಸರಿನಲ್ಲೇ ಲಾರೆನ್ಸ್ ವಿಜ್ಞಾನ ಶಾಲೆ ಆರಂಭವಾಯಿತು. ಆದರೆ ಆದದ್ದೇ ಬೇರೆ. ಹಿಮಯುಗದ ಸಿದ್ಧಾಂತದಿಂದ ಹೆಸರಾಗಿದ್ದ ಸ್ವಿಟ್ಸರ್ಲೆಂಡಿನ ಲೂಯಿ ಅಗಾಸಿ ಅಲ್ಲಿ ಪ್ರಾಧ್ಯಾಪಕನಾಗಿ ನೇಮಕಗೊಂಡ. ಅವನು ಮಹಾ ವಿದ್ವಾಂಸ, ಮಾತಿನ ಮಲ್ಲ. ಪ್ರಾಣಿವಿಜ್ಞಾನ ಮತ್ತು ಭೂವಿಜ್ಞಾನ ಬೆಳೆದವು. ಎಂಜಿನಿಯರಿಂಗ್ ಮೂಲೆ ಸೇರಿತು. ಗಿರಣಿ ಕಟ್ಟುವವರಿಗೆಂದು ಕೊಟ್ಟ ಹಣದಿಂದ ನಿಸರ್ಗ ವಿಜ್ಞಾನಿಗಳು ತಯಾರಾದರು. ವಿಜ್ಞಾನಕ್ಕೆ ಇದರಿಂದ ನಷ್ಟವೇನೂ ಆಗಲಿಲ್ಲ ಎನ್ನಿ. ಆದರೆ ದಾನಿಯ ಉದ್ದೇಶ ನೆರವೇರಲಿಲ್ಲ. ಲ್ಯಾಟಿನ್, ಗ್ರೀಕ್ ಓದಿದ ಹಾರ್ವರ್ಡ್ ಕಾಲೇಜಿನ ಹುಡುಗರು ಲಾರೆನ್ಸ್ ಶಾಲೆಯವರನ್ನು ತಮಗಿಂತ ಒಂದು ಮೆಟ್ಟಿಲು ಕೆಳಗಿನವರೆಂದು ಭಾವಿಸುತ್ತಿದ್ದರು.

ಇದೇ ಕಾಲದಲ್ಲಿ ಇನ್ನೊಬ್ಬನ ಮನಸ್ಸಿನಲ್ಲಿ ಬೇರೆ ಯೋಜನೆಯಿತ್ತು. ವಿಲಿಯಂ ಬಾರ್ಟನ್ ರಾಜರ್ಸ್ ಭೂವಿಜ್ಞಾನಿ, ವರ್ಜೀನಿಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕ. 1846ರಲ್ಲೇ ಅವನು ಬಾಸ್ಟನ್ನಿನಲ್ಲಿ ಒಂದು ಪಾಲಿಟೆಕ್ನಿಕ್ ಶಾಲೆ ಹೇಗಿರಬೇಕೆಂದು ಬರೆದಿಟ್ಟಿದ್ದ. ಮುಂದೆ ಆ ನಗರಕ್ಕೇ ಬಂದು ನೆಲಸಿ, ಹತ್ತಾರು ಜನರ ಮನೆಬಾಗಿಲು ತಟ್ಟಿ, ಕೊನೆಗೆ 1861ರ ಏಪ್ರಿಲ್ 10ರಂದು ರಾಜ್ಯ ಸರ್ಕಾರದಿಂದ ಎಂಐಟಿಗೆ ಸನ್ನದು ಪಡೆದ. ಎರಡೇ ದಿನಗಳಲ್ಲಿ ಅಮೆರಿಕದ ಅಂತರ್ಯುದ್ಧ ಸಿಡಿಯಿತು! ಹಣವಿಲ್ಲ, ವಿದ್ಯಾರ್ಥಿಗಳಿಲ್ಲ. ತರಗತಿಗಳು ಆರಂಭವಾಗಲು 1865ರ ಫೆಬ್ರವರಿವರೆಗೆ ಕಾಯಬೇಕಾಯಿತು. ಅದೂ ಬಾಡಿಗೆ ಕೋಣೆಗಳಲ್ಲಿ, 15 ವಿದ್ಯಾರ್ಥಿಗಳೊಂದಿಗೆ.

ರಾಜರ್ಸ್‌ನ ವಿಧಾನದಲ್ಲಿ ಹೊಸತೇನಿತ್ತು? ಅಂದಿನ ಕಾಲೇಜುಗಳಲ್ಲಿ ಪ್ರಯೋಗವೆಂದರೆ ಮೇಷ್ಟರು ಮೇಜಿನ ಮೇಲೆ ಮಾಡಿ ತೋರಿಸುವುದು, ವಿದ್ಯಾರ್ಥಿಗಳು ಕುಳಿತು ನೋಡುವುದು. ರಾಜರ್ಸ್ ಇದನ್ನು ಒಪ್ಪಲಿಲ್ಲ. ವಿದ್ಯಾರ್ಥಿಯೇ ಉಪಕರಣ ಹಿಡಿಯಬೇಕು, ತಾನೇ ಅಳೆಯಬೇಕು, ಬಂದ ದೋಷವನ್ನು ತಾನೇ ಹುಡುಕಬೇಕು. 1869ರಲ್ಲಿ ಎಡ್ವರ್ಡ್ ಪಿಕರಿಂಗ್ ಎಂಬ ತರುಣ ಪ್ರಾಧ್ಯಾಪಕ ಈ ಕಲ್ಪನೆಯಂತೆ ಪದವಿ ವಿದ್ಯಾರ್ಥಿಗಳಿಗಾಗಿಯೇ ಒಂದು ಭೌತವಿಜ್ಞಾನ ಪ್ರಯೋಗಾಲಯ ತೆರೆದ. ಪ್ರತಿ ಮೇಜಿನ ಮೇಲೂ ಒಂದೊಂದು ಪ್ರಯೋಗ; ವಿದ್ಯಾರ್ಥಿಗಳು ಮೇಜಿನಿಂದ ಮೇಜಿಗೆ ಸಾಗುತ್ತಾರೆ. ಇಂದು ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಒಂದು ಕಡೆ, ಸರಳ ಲೋಲಕ ಇನ್ನೊಂದು ಕಡೆ ಇಟ್ಟು ಸರದಿಯ ಮೇಲೆ ಪ್ರಯೋಗ ಮಾಡಿಸುತ್ತಾರಲ್ಲ, ಅದೇ ಕ್ರಮ. ಈ ಪಿಕರಿಂಗ್ ಓದಿದ್ದು ಎಲ್ಲಿ ಗೊತ್ತೆ? ಹಾರ್ವರ್ಡಿನ ಲಾರೆನ್ಸ್ ಶಾಲೆಯಲ್ಲಿ! ಎಂಐಟಿಯ ಲಾಂಛನದಲ್ಲಿ ಪುಸ್ತಕ ಹಿಡಿದ ಪಂಡಿತನೂ ಸುತ್ತಿಗೆ ಹಿಡಿದ ಕಮ್ಮಾರನೂ ಅಕ್ಕಪಕ್ಕದಲ್ಲಿದ್ದಾರೆ. ಅದರ ಧ್ಯೇಯವಾಕ್ಯ ‘ಮನಸ್ಸು ಮತ್ತು ಕೈ’.

ಇಲ್ಲಿ ಒಂದು ಮಾತು. ಎರಡು ಸಂಸ್ಥೆಗಳ ನಡುವೆ ಆರಿಸುವ ಅವಕಾಶ ಎಲ್ಲರಿಗೂ ಇರಲಿಲ್ಲ. 1870ರಲ್ಲಿ ಎಲೆನ್ ಸ್ವಾಲೋ ಎಂಬಾಕೆ ರಸಾಯನವಿಜ್ಞಾನ ಕಲಿಯಬೇಕೆಂದಾಗ ಹಾರ್ವರ್ಡಿನ ತರಗತಿಗಳು ಹೆಂಗಸರಿಗೆ ಮುಚ್ಚಿದ್ದವು. ಎಂಐಟಿ ಅವಳನ್ನು ‘ವಿಶೇಷ ವಿದ್ಯಾರ್ಥಿನಿ’ ಎಂದು ಸೇರಿಸಿಕೊಂಡಿತು, ಶುಲ್ಕ ಪಡೆಯಲಿಲ್ಲ. ಉದಾರತೆಯೆಂದು ಅವಳು ಮೊದಲು ಭಾವಿಸಿದಳು. ಯಾರಾದರೂ ಆಕ್ಷೇಪಿಸಿದರೆ ಆಕೆ ನಮ್ಮ ವಿದ್ಯಾರ್ಥಿನಿಯೇ ಅಲ್ಲ ಎಂದು ಹೇಳಲು ಹೂಡಿದ ಉಪಾಯ ಅದೆಂದು ಅನಂತರ ತಿಳಿಯಿತು. 1873ರಲ್ಲಿ ಆಕೆ ಪದವಿ ಪಡೆದಳು. ಮುಂದೆ ಎಲೆನ್ ರಿಚರ್ಡ್ಸ್ ಎಂಬ ಹೆಸರಿನಿಂದ ಮೆಸಾಚುಸೆಟ್ಸ್ ರಾಜ್ಯದ ನೀರಿನ ಶುದ್ಧತೆಯ ಸಮೀಕ್ಷೆಯಲ್ಲಿ ದೊಡ್ಡ ಕೆಲಸ ಮಾಡಿದಳು.

ಎಲಿಯಟ್‌ನ ಎರಡು ನಾಲಿಗೆ

ಈಗ ಕಥೆಯ ಮುಖ್ಯ ಪಾತ್ರ ಬರುತ್ತದೆ. ಚಾರ್ಲ್ಸ್ ವಿಲಿಯಂ ಎಲಿಯಟ್ ಹಾರ್ವರ್ಡಿನಲ್ಲಿ ರಸಾಯನವಿಜ್ಞಾನ ಬೋಧಿಸುತ್ತಿದ್ದವನು. 1863ರಲ್ಲಿ ಅವನಿಗೆ ಸಿಗಬೇಕಾಗಿದ್ದ ಪ್ರಾಧ್ಯಾಪಕ ಪೀಠ ಬೇರೆಯವರ ಪಾಲಾಯಿತು. ಬೇಸತ್ತು ಯೂರೋಪಿಗೆ ಹೋದ. ಅಲ್ಲಿಯ ತಾಂತ್ರಿಕ ಶಾಲೆಗಳನ್ನು ನೋಡಿದ. 1865ರಲ್ಲಿ ಎಂಐಟಿಯ ಪ್ರಾಧ್ಯಾಪಕನಾಗಿ ಮರಳಿದ. 1869ರಲ್ಲಿ ‘ಅಟ್ಲಾಂಟಿಕ್’ ಮಾಸಪತ್ರಿಕೆಯಲ್ಲಿ ಹೊಸ ಶಿಕ್ಷಣವನ್ನು ಕುರಿತು ಅವನು ಬರೆದ ಲೇಖನ ಪ್ರಸಿದ್ಧವಾಯಿತು. ಅದರ ಸಾರವಿಷ್ಟು: ಪಾಂಡಿತ್ಯದ ಮನೋಧರ್ಮ ಒಳ್ಳೆಯದು, ಪ್ರಾಯೋಗಿಕ ಮನೋಧರ್ಮವೂ ಒಳ್ಳೆಯದು, ಆದರೆ ಒಂದೇ ಸೂರಿನಡಿ ಬೆರೆಸಿದರೆ ಎರಡೂ ಕೆಡುತ್ತವೆ. ಎಂಜಿನಿಯರಿಂಗ್ ಪ್ರತ್ಯೇಕ ಶಾಲೆಯಲ್ಲೇ ಇರಬೇಕು.

ಅದೇ ವರ್ಷ ಅವನು ಹಾರ್ವರ್ಡಿನ ಅಧ್ಯಕ್ಷನಾದ. ಕುರ್ಚಿ ಬದಲಾಯಿತು, ಅಭಿಪ್ರಾಯವೂ ಬದಲಾಯಿತು! 1870ರಲ್ಲೇ, ಎಂಐಟಿ ಹಾರ್ವರ್ಡಿನಲ್ಲಿ ಸೇರಿಕೊಳ್ಳಲಿ ಎಂದು ಸೂಚಿಸಿದ. ಅವನ ವಾದವನ್ನು ತಳ್ಳಿಹಾಕುವಂತಿಲ್ಲ. ಒಂದೇ ನಗರದಲ್ಲಿ ಒಂದೇ ಪಾಠಕ್ಕೆ ಎರಡೆರಡು ಪ್ರಯೋಗಾಲಯ ಏಕೆ? ದುಬಾರಿ ಯಂತ್ರಗಳನ್ನು ಎರಡೆರಡು ಕೊಳ್ಳುವುದೇಕೆ? ಎಂಐಟಿಗೆ ಹಣವಿಲ್ಲ, ಹಾರ್ವರ್ಡಿಗೆ ಹಣವಿದೆ. ಇಂದಿನ ಯಾವ ಹಣಕಾಸು ಅಧಿಕಾರಿ ಕೂಡ ಇದಕ್ಕೆ ತಲೆದೂಗಿಯಾನು.

ರಾಜರ್ಸ್ ಒಪ್ಪಲಿಲ್ಲ. 1863ರಲ್ಲೇ ರಾಜ್ಯದ ಗವರ್ನರ್ ಇಂಥದೇ ಸಲಹೆ ಮುಂದಿಟ್ಟಾಗಲೂ ಅವನು ಒಪ್ಪಿರಲಿಲ್ಲ. ಲಾರೆನ್ಸ್ ಶಾಲೆಗೆ ಆದದ್ದು ಅವನ ಕಣ್ಣೆದುರಿಗಿತ್ತು. ದೊಡ್ಡ ವಿಶ್ವವಿದ್ಯಾನಿಲಯದೊಳಗೆ ಎಂಜಿನಿಯರಿಂಗ್ ಎಂದೂ ಸವತಿಯ ಮಗುವೇ. ಹಣ ಹಂಚುವಾಗ ಕೊನೆಗೆ, ಮರ್ಯಾದೆ ಹಂಚುವಾಗ ಇನ್ನೂ ಕೊನೆಗೆ. ಪಠ್ಯಕ್ರಮವನ್ನು ನಿರ್ಧರಿಸುವವರು ಯಾರು, ಪ್ರಾಧ್ಯಾಪಕರನ್ನು ನೇಮಿಸುವವರು ಯಾರು ಎಂಬುದೇ ನಿಜವಾದ ಪ್ರಶ್ನೆಯೆಂದು ಅವನು ಅರಿತಿದ್ದ. 1882ರ ಮೇ 30ರಂದು ಎಂಐಟಿಯ ಪದವೀದಾನ ಸಮಾರಂಭದಲ್ಲಿ ಭಾಷಣ ಮಾಡುತ್ತಿದ್ದಾಗಲೇ ರಾಜರ್ಸ್ ವೇದಿಕೆಯ ಮೇಲೆ ಕುಸಿದು ಪ್ರಾಣಬಿಟ್ಟ. ಅವನ ಬಾಯಿಂದ ಬಂದ ಕೊನೆಯ ಮಾತು ‘ಬಿಟುಮಿನಸ್ ಕಲ್ಲಿದ್ದಲು’. ಭೂವಿಜ್ಞಾನಿಗೆ ತಕ್ಕ ಮಾತೇ ಸರಿ!

ಆ ವರ್ಷವೇ ಎಂಐಟಿಯಲ್ಲಿ ವಿದ್ಯುತ್ ಎಂಜಿನಿಯರಿಂಗ್ ಶಿಕ್ಷಣ ಆರಂಭವಾಯಿತು. ಪುಣೆಯ ಕೇಶವ ಮಲ್ಹಾರ ಭಟ್ ಎಂಬ ಯುವಕ ಅಲ್ಲಿಗೆ ಸೇರಿದ್ದೂ 1882ರಲ್ಲಿ. ಎಂಐಟಿಯ ಮೊದಲ ಭಾರತೀಯ ವಿದ್ಯಾರ್ಥಿ ಅವನೇ. ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಅದೇ ವೇಳೆಯಲ್ಲಿ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದರು.

ಪಾದರಕ್ಷೆಯ ಹಣ

ಎಲಿಯಟ್ 40 ವರ್ಷ ಅಧ್ಯಕ್ಷನಾಗಿದ್ದ. ಪ್ರಯತ್ನ ಬಿಡಲಿಲ್ಲ. 1904-05ರಲ್ಲಿ ಅವನಿಗೆ ಎಂಐಟಿಯ ಒಳಗೇ ಒಬ್ಬ ಬೆಂಬಲಿಗ ಸಿಕ್ಕಿದ. ಅವನು ಎಂಐಟಿಯ ಆಗಿನ ಅಧ್ಯಕ್ಷ, ಖಗೋಳವಿಜ್ಞಾನಿ ಹೆನ್ರಿ ಪ್ರಿಚೆಟ್. ಬಾಸ್ಟನ್ನಿನ ಇಕ್ಕಟ್ಟಾದ ಜಾಗ ಮಾರಿ, ನದಿಯ ಪಕ್ಕದಲ್ಲಿ ಹಾರ್ವರ್ಡಿನ ಸಮೀಪ ಹೊಸ ಕಟ್ಟಡ ಕಟ್ಟಿ, ಎರಡೂ ಸಂಸ್ಥೆಗಳ ಎಂಜಿನಿಯರಿಂಗನ್ನು ಒಂದುಗೂಡಿಸುವ ಯೋಜನೆ. ಎಂಐಟಿಯ ಅಧ್ಯಾಪಕರಲ್ಲಿ ಬಹುಪಾಲು ಜನ ವಿರೋಧಿಸಿದರು. ಹಳೆಯ ವಿದ್ಯಾರ್ಥಿಗಳು ಕೆರಳಿದರು. ಆಡಳಿತ ಮಂಡಳಿ ಮಾತ್ರ ಅಲ್ಪ ಅಂತರದಿಂದ ಒಪ್ಪಿಗೆ ಕೊಟ್ಟಿತು. ಅಷ್ಟರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಎಂಐಟಿ ನಿಂತಿರುವ ಜಾಗ ಸರ್ಕಾರ ಕೊಟ್ಟದ್ದು, ಅದನ್ನು ಮಾರುವಂತಿಲ್ಲ ಎಂದಿತು. ಯೋಜನೆ ಬಿದ್ದುಹೋಯಿತು. ಅಭಿಮಾನದ ಮಾತು ಎಷ್ಟೇ ಜೋರಾಗಿದ್ದರೂ ಎಂಐಟಿಯನ್ನು ಆ ಬಾರಿ ಉಳಿಸಿದ್ದು ಒಂದು ನಿವೇಶನದ ಕಾಗದಪತ್ರ.

ಈ ನಡುವೆ 1903ರಲ್ಲಿ ಗಾರ್ಡನ್ ಮಕೇ ಎಂಬ ಸಿರಿವಂತ ತೀರಿಕೊಂಡಿದ್ದ. ಅಟ್ಟೆಗೆ ಮೇಲ್ಭಾಗದ ಚರ್ಮವನ್ನು ಹೊಲಿಯುವ ಯಂತ್ರವನ್ನು ಲೈಮನ್ ಬ್ಲೇಕ್ ಎಂಬುವನು ನಿರ್ಮಿಸಿದ್ದ. ಮಕೇ ಅದರ ಪೇಟೆಂಟು ಕೊಂಡು, ಯಂತ್ರವನ್ನು ಸುಧಾರಿಸಿದ. ಅವನು ಯಂತ್ರಗಳನ್ನು ಮಾರುವ ಬದಲು ಕಾರ್ಖಾನೆಗಳಿಗೆ ಬಾಡಿಗೆಗೆ ಕೊಡುತ್ತಿದ್ದ. ಹೊಲಿದ ಪ್ರತಿ ಜೊತೆಗೂ ಇಷ್ಟು ಎಂದು ಗೌರವಧನ. ಅಂತರ್ಯುದ್ಧದಲ್ಲಿ ಸೈನಿಕರಿಗೆ ಲಕ್ಷಗಟ್ಟಲೆ ಬೂಟು ಬೇಕಾಗಿತ್ತು. ಹೀಗೆ ಕೂಡಿದ ಸಂಪತ್ತಿನ ಬಹುಭಾಗವನ್ನು ಅವನು ಹಾರ್ವರ್ಡಿಗೆ ಬರೆದಿಟ್ಟ. ಅನ್ವಯಿಕ ವಿಜ್ಞಾನವನ್ನು, ಅದರಲ್ಲೂ ಯಂತ್ರ ಎಂಜಿನಿಯರಿಂಗನ್ನು ಬೆಳೆಸಬೇಕೆಂಬುದು ಅವನ ಇಚ್ಛೆ. ಲಾರೆನ್ಸ್ ಶಾಲೆಯ ಮುಖ್ಯಸ್ಥನಾಗಿದ್ದ ಭೂವಿಜ್ಞಾನಿ ನಥಾನಿಯಲ್ ಶೇಲರ್‌ನ ಸ್ನೇಹ ಇದಕ್ಕೆ ಕಾರಣ. ಈ ಶೇಲರ್ ವಿಲೀನವನ್ನು ಒಪ್ಪದವನು, ಹಾರ್ವರ್ಡಿನವನಾಗಿಯೂ!

1909ರಲ್ಲಿ ಎರಡೂ ಕಡೆ ಹೊಸ ಅಧ್ಯಕ್ಷರು ಬಂದರು. ಹಾರ್ವರ್ಡಿನಲ್ಲಿ ಲಾರೆನ್ಸ್ ಲೊವೆಲ್, ಎಂಐಟಿಯಲ್ಲಿ ರಿಚರ್ಡ್ ಮೆಕ್ಲಾರಿನ್. ಮೆಕ್ಲಾರಿನ್ ‘ಮಿಸ್ಟರ್ ಸ್ಮಿತ್’ ಎಂಬ ಗುಪ್ತ ದಾನಿಯಿಂದ ಹಣ ತಂದು ಕೇಂಬ್ರಿಜ್‌ನಲ್ಲಿ ನದಿಯ ದಡದ ಮೇಲೆ ಹೊಸ ಸಂಸ್ಥೆ ಕಟ್ಟಿಸಿದ. 1916ರಲ್ಲಿ ಎಂಐಟಿ ಅಲ್ಲಿಗೆ ಸ್ಥಳಾಂತರಗೊಂಡಿತು. ಸ್ಮಿತ್ ಎಂದರೆ ಕೊಡಕ್ ಕ್ಯಾಮರಾದ ಜಾರ್ಜ್ ಈಸ್ಟ್‌ಮನ್ ಎಂದು ಲೋಕಕ್ಕೆ ತಿಳಿದದ್ದು 1920ರ ಜನವರಿಯಲ್ಲಿ. ಇರಲಿ. 1914ರಲ್ಲೇ ಇಬ್ಬರು ಅಧ್ಯಕ್ಷರೂ ವಿಲೀನ ಎಂಬ ಪದವನ್ನೇ ಬಳಸದೆ ಒಂದು ಒಪ್ಪಂದ ಮಾಡಿಕೊಂಡರು. ಸಿವಿಲ್, ಯಂತ್ರ, ವಿದ್ಯುತ್ ಹಾಗೂ ಗಣಿ ಎಂಜಿನಿಯರಿಂಗ್ ವಿಷಯಗಳಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕರು ಎಂಐಟಿಯಲ್ಲಿ ಪಾಠ ಹೇಳುತ್ತಾರೆ. ಮಕೇ ನಿಧಿಯ ಆದಾಯದಲ್ಲಿ ಐದನೆಯ ಮೂರು ಭಾಗ ಅಲ್ಲಿಗೆ ಹೋಗುತ್ತದೆ. ವಿದ್ಯಾರ್ಥಿಗೆ ಎರಡೂ ಸಂಸ್ಥೆಗಳ ಪದವಿ.

ಅಂದರೆ ಕೆಲವು ವರ್ಷಗಳ ಮಟ್ಟಿಗೆ ಬಾಸ್ಟನ್ನಿನ ಎಂಜಿನಿಯರಿಂಗ್ ವಿದ್ಯಾರ್ಥಿ ಎರಡರಲ್ಲಿ ಒಂದನ್ನು ಆರಿಸಬೇಕಾಗಿಯೇ ಇರಲಿಲ್ಲ. ಈ ಅವಕಾಶ ಪಡೆದವರಲ್ಲಿ ಒಬ್ಬ ವೆನಿವರ್ ಬುಶ್. ಪಾದ್ರಿಯೊಬ್ಬರ ಮಗ. ಮೊದಲು ಕ್ಲಾರ್ಕ್ ವಿಶ್ವವಿದ್ಯಾನಿಲಯಕ್ಕೆ ವಿದ್ಯಾರ್ಥಿವೇತನದೊಡನೆ ಹೋಗಿದ್ದ. ಅಲ್ಲಿಯ ಮಾರ್ಗದರ್ಶಕರು ಧ್ವನಿವಿಜ್ಞಾನದಲ್ಲಿ ಸಂಶೋಧನೆ ಮಾಡು ಎಂದರು. ಬುಶ್‌ಗೆ ಅದು ಹಿಡಿಸಲಿಲ್ಲ. ವಿದ್ಯಾರ್ಥಿವೇತನ ಬಿಟ್ಟು ಎಂಐಟಿಗೆ ಬಂದ. ಮದುವೆ ಗೊತ್ತಾಗಿದ್ದುದರಿಂದ ಒಂದೇ ವರ್ಷದಲ್ಲಿ ಡಾಕ್ಟರೇಟ್ ಮುಗಿಸುವ ಆತುರ. ಅವನ ಮಾರ್ಗದರ್ಶಕ ಆರ್ಥರ್ ಕೆನೆಲಿ ಒಪ್ಪಂದದ ಪ್ರತೀಕದಂತಿದ್ದವನು: ಹಾರ್ವರ್ಡಿನಲ್ಲೂ ಪ್ರಾಧ್ಯಾಪಕ, ಎಂಐಟಿಯಲ್ಲೂ ಪ್ರಾಧ್ಯಾಪಕ. ಪರ್ಯಾಯ ವಿದ್ಯುತ್ತಿನ ಲೆಕ್ಕಗಳಲ್ಲಿ ಇಂಪೀಡೆನ್ಸನ್ನು ಸಮ್ಮಿಶ್ರ ಸಂಖ್ಯೆಗಳಿಂದ ಸೂಚಿಸುವುದನ್ನು ನೀವು ಪಿಯುಸಿಯ ಬಳಿಕ ಕಲಿಯುತ್ತೀರಷ್ಟೆ? ಆ ವಿಧಾನವನ್ನು 1893ರಲ್ಲಿ ಮಂಡಿಸಿದವರಲ್ಲಿ ಕೆನೆಲಿ ಪ್ರಮುಖ. ರೇಡಿಯೋ ಅಲೆಗಳನ್ನು ಹಿಂದಿರುಗಿಸುವ ಪದರವೊಂದು ವಾಯುಮಂಡಲದ ಮೇಲುಭಾಗದಲ್ಲಿದೆ ಎಂದು 1902ರಲ್ಲಿ ಊಹಿಸಿದವನೂ ಅವನೇ. ಅವನು ಹುಟ್ಟಿದ್ದು ನಮ್ಮ ಮುಂಬಯಿಯ ಕೊಲಾಬಾದಲ್ಲಿ, 1861ರಲ್ಲಿ!

ಬುಶ್‌ನ ಪ್ರಬಂಧ ಸಾಲದು, ಇನ್ನಷ್ಟು ಕೆಲಸ ಮಾಡು ಎಂದ ಕೆನೆಲಿ. ಬುಶ್ ವಿಭಾಗದ ಮುಖ್ಯಸ್ಥನ ಬಳಿ ದೂರು ಒಯ್ದ. ಮುಖ್ಯಸ್ಥ ಬುಶ್‌ನ ಪರ ನಿಂತ. 1916ರಲ್ಲಿ ಹಾರ್ವರ್ಡ್ ಮತ್ತು ಎಂಐಟಿ ಜಂಟಿಯಾಗಿ ಕೊಟ್ಟ ಡಾಕ್ಟರೇಟ್ ಅವನ ಕೈಸೇರಿತು.

ಮರುವರ್ಷವೇ ಆ ಬಾಗಿಲು ಮುಚ್ಚಿತು. ಮಕೇ ನಿಧಿಯ ಧರ್ಮದರ್ಶಿಗಳು ಒಪ್ಪಂದವನ್ನು ಆಕ್ಷೇಪಿಸಿದ್ದರು. ವಿಷಯ ನ್ಯಾಯಾಲಯದ ಮುಂದೆ ಹೋಯಿತು. 1917ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು: ಮಕೇ ಹಣ ಕೊಟ್ಟದ್ದು ಹಾರ್ವರ್ಡ್ ತಾನೇ ಕಲಿಸಲೆಂದು, ಬೇರೊಂದು ಸಂಸ್ಥೆಯ ಹತೋಟಿಯಲ್ಲಿ ನಡೆಯುವ ಶಿಕ್ಷಣಕ್ಕೆ ಅದನ್ನು ಬಳಸಲಾಗದು. ಗಮನಿಸಿ, ನ್ಯಾಯಮೂರ್ತಿಗಳು ಎಂಜಿನಿಯರಿಂಗ್ ಶಿಕ್ಷಣ ಹೇಗಿರಬೇಕೆಂದು ಹೇಳಲಿಲ್ಲ. ಅವರು ಕೇಳಿದ್ದು ರಾಜರ್ಸ್ ಕೇಳಿದ ಪ್ರಶ್ನೆಯನ್ನೇ: ಹತೋಟಿ ಯಾರದು?

ತೀರ್ಪಿನ ಬಳಿಕ

ಹಾರ್ವರ್ಡ್ ತನ್ನದೇ ಎಂಜಿನಿಯರಿಂಗ್ ಶಾಲೆಯನ್ನು ಮತ್ತೆ ಕಟ್ಟಬೇಕಾಯಿತು. ಎರಡು ಹಾದಿಗಳೂ ದೂರವಾದವು. ಗಣಕಗಳ ಚರಿತ್ರೆಯನ್ನೇ ನೋಡಿ. ಎಂಐಟಿಯಲ್ಲಿ ಬುಶ್ ಮತ್ತು ಸಂಗಡಿಗರು 1931ರ ವೇಳೆಗೆ ಹಲ್ಲುಚಕ್ರ, ದಂಡ, ತಟ್ಟೆಗಳಿಂದ ಅವಕಲ ಸಮೀಕರಣಗಳನ್ನು ಬಿಡಿಸುವ ದೊಡ್ಡ ಯಂತ್ರ ನಿರ್ಮಿಸಿದರು. ಅದು ವಿದ್ಯುತ್ ಜಾಲಗಳ ಲೆಕ್ಕದಲ್ಲಿ ಕೈಸುಟ್ಟುಕೊಂಡ ಎಂಜಿನಿಯರುಗಳ ಯಂತ್ರ. ಅದನ್ನು ನೋಡಿಕೊಳ್ಳುವ ಕೆಲಸಕ್ಕೆ 1936ರಲ್ಲಿ ಸೇರಿದ ಕ್ಲಾಡ್ ಶಾನನ್, ಅದರ ರಿಲೇಗಳನ್ನು ಗಮನಿಸುತ್ತ ತರ್ಕಶಾಸ್ತ್ರದ ಬೂಲ್ ಬೀಜಗಣಿತವನ್ನು ವಿದ್ಯುನ್ಮಂಡಲಗಳಿಗೆ ಅನ್ವಯಿಸಿದ. ಹಾರ್ವರ್ಡಿನಲ್ಲಿ ಹವರ್ಡ್ ಐಕನ್ ಭೌತವಿಜ್ಞಾನದ ಸಂಶೋಧನ ವಿದ್ಯಾರ್ಥಿಯಾಗಿ ಅಂಕಿಗಳಲ್ಲಿ ಲೆಕ್ಕ ಮಾಡುವ ಯಂತ್ರದ ಕನಸು ಕಂಡ. ಐಬಿಎಂ ಕಂಪನಿ ಅದನ್ನು ನಿರ್ಮಿಸಿಕೊಟ್ಟಿತು. 1944ರಲ್ಲಿ ‘ಮಾರ್ಕ್ 1’ ಹಾರ್ವರ್ಡಿಗೆ ಬಂತು. ಮೂರು ಕಿಲೋಮೀಟರ್ ಅಂತರದಲ್ಲಿ ಎರಡು ಬಗೆಯ ಯಂತ್ರ, ಎರಡು ಬಗೆಯ ಆಲೋಚನೆ. ಎಲಿಯಟ್ ದುಂದುವೆಚ್ಚ ಎಂದದ್ದು ಇದನ್ನೇ.

ಇನ್ನೊಂದು ತಿರುವು ಇದೆ. ಮಕೇ ತನ್ನ ಬಂಧುಬಳಗಕ್ಕೆ ವರ್ಷಾಶನ ಗೊತ್ತುಮಾಡಿದ್ದನಾಗಿ, ಪೂರ್ತಿ ಹಣ ಹಾರ್ವರ್ಡಿನ ಕೈಗೆ ಬಂದದ್ದು 1949ರ ಸುಮಾರಿಗೆ. ಅದನ್ನು ಹೇಗೆ ಬಳಸಬೇಕೆಂದು ತಿಳಿಸಲು ಒಂದು ಸಮಿತಿ ನೇಮಕವಾಯಿತು. ಅಧ್ಯಕ್ಷ ಯಾರು? ಎರಡೂ ಸಂಸ್ಥೆಗಳ ಪದವಿ ಪಡೆದಿದ್ದ ಅದೇ ವೆನಿವರ್ ಬುಶ್! 1950ರ ವರದಿಯಲ್ಲಿ ಸಮಿತಿ ಕೊಟ್ಟ ಸಲಹೆ, ಎಂಐಟಿಯ ಪಡಿಯಚ್ಚಾಗಬೇಡಿ, ಎಂಜಿನಿಯರಿಂಗನ್ನು ಮೂಲವಿಜ್ಞಾನಗಳೊಡನೆ ಹೆಣೆಯಿರಿ ಎಂಬರ್ಥದ್ದು. ಹಾರ್ವರ್ಡ್ ಬಹುಮಟ್ಟಿಗೆ ಅದೇ ದಾರಿ ಹಿಡಿಯಿತು. ಅಲ್ಲಿ ಎಂಜಿನಿಯರಿಂಗ್ ಮತ್ತೆ ‘ಶಾಲೆ’ ಎಂಬ ಹೆಸರು ಪಡೆದದ್ದು 2007ರಲ್ಲಿ.

ಈ ಜಗಳ ನಮಗೆ ದೂರದ್ದಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ ಸರ್ಕಾರ್ ಸಮಿತಿ 1946ರಲ್ಲಿ ಉನ್ನತ ತಾಂತ್ರಿಕ ಸಂಸ್ಥೆಗಳನ್ನು ಶಿಫಾರಸು ಮಾಡುವಾಗ ಎಂಐಟಿಯನ್ನು ಮಾದರಿಯಾಗಿಟ್ಟುಕೊಂಡಿತು. 1951ರಲ್ಲಿ ಖರಗ್‌ಪುರದಲ್ಲಿ ಮೊದಲ ಐಐಟಿ ತೆರೆದಾಗ ಅದು ಯಾವ ವಿಶ್ವವಿದ್ಯಾನಿಲಯದ ಅಂಗವೂ ಆಗಿರಲಿಲ್ಲ. ಬಾಸ್ಟನ್ನಿನ ತೀರ್ಪು ಬಂದ 1917ರಲ್ಲೇ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ಆರಂಭಿಸಿದರು. ಅದು ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಭಾಗವಾಯಿತು. ನಾವು ಯುವಿಸಿಇ ಎಂದು ಕರೆಯುವ ಈ ಕಾಲೇಜನ್ನು 2021ರ ಕಾಯಿದೆ ಸ್ವತಂತ್ರ ವಿಶ್ವವಿದ್ಯಾನಿಲಯವನ್ನಾಗಿ ಬೇರ್ಪಡಿಸಿತು. ರಾಜರ್ಸ್ ಬದುಕಿದ್ದರೆ ಸಂತೋಷಪಡುತ್ತಿದ್ದನೇನೋ. ಆದರೆ ಬೇರ್ಪಟ್ಟ ಸಂಸ್ಥೆಗೆ ಮಕೇಯಂಥವರ ಹಣವೂ ಬೇಕಲ್ಲ!

ಆದ್ದರಿಂದ ನಿಮ್ಮ ವಿದ್ಯಾರ್ಥಿಯೊಬ್ಬಳು ಎರಡು ದೊಡ್ಡ ಹೆಸರುಗಳನ್ನು ಹಿಡಿದು ಬಂದಾಗ, ಯಾವುದು ಮೇಲು ಎಂಬ ಚರ್ಚೆಗೆ ಮುಂಚೆ ಕೆಲವು ಪ್ರಶ್ನೆ ಕೇಳಿ. ಮೊದಲ ವರ್ಷದಲ್ಲಿ ಪ್ರಯೋಗಾಲಯದಲ್ಲಿ ಉಪಕರಣ ಹಿಡಿಯುವುದು ಯಾರ ಕೈ? ಪಠ್ಯಕ್ರಮ ಬದಲಿಸುವ ಅಧಿಕಾರ ಕಾಲೇಜಿಗೆ ಇದೆಯೆ? ಎಂಜಿನಿಯರಿಂಗ್ ಅಲ್ಲದ ಪಾಠಕ್ಕೂ ಹೋಗಿ ಕುಳಿತುಕೊಳ್ಳಬಹುದೆ? ಸೇರಿದ ಮೇಲೆ ಶಾಖೆ ಬದಲಿಸಬಹುದೆ? ಬಾಸ್ಟನ್ನಿನ ಈ ಎರಡೂ ಕಡೆ ಪದವಿ ವಿದ್ಯಾರ್ಥಿ ತನ್ನ ಶಾಖೆಯನ್ನು ಆರಿಸುವುದು ಪ್ರವೇಶ ಪಡೆದ ಬಳಿಕ. ನಮ್ಮ ಮಕ್ಕಳು ಹದಿನೆಂಟಕ್ಕೆ ಮುಂಚೆಯೇ ಎರಡನ್ನೂ ಒಟ್ಟಿಗೆ ನಿರ್ಧರಿಸಬೇಕು. ಎಂಐಟಿಯಲ್ಲಿ ಯಾವ ಶಾಖೆಯವರಾದರೂ ಕಲನಶಾಸ್ತ್ರ ಮತ್ತು ಭೌತವಿಜ್ಞಾನವನ್ನು ಎರಡೆರಡು ಅವಧಿ ಓದಲೇಬೇಕು. ಹಾರ್ವರ್ಡಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿ ವಿಜ್ಞಾನ ಪದವಿಯನ್ನಾದರೂ ಪಡೆಯಬಹುದು, ಎಂಜಿನಿಯರಿಂಗ್ ವಿಷಯಗಳನ್ನು ಸ್ವಲ್ಪ ಕಡಿಮೆ ಓದಿ ಕಲಾ ಪದವಿಯನ್ನಾದರೂ ಪಡೆಯಬಹುದು.

ಒಂದು ಸಂಸ್ಥೆಗೆ ಸೇರಿದವರು ಇನ್ನೊಂದರಲ್ಲಿ ಪಾಠ ಕೇಳುವ ಏರ್ಪಾಟು ಇಂದು ಅಲ್ಲಿದೆ. ಬೆಳಿಗ್ಗೆ ಎಂಐಟಿಯಲ್ಲಿ ತರಗತಿ ಮುಗಿಸಿ, ಮೆಸಾಚುಸೆಟ್ಸ್ ಅವೆನ್ಯೂ ಮೇಲೆ ಹೋಗುವ 1ನೇ ನಂಬರಿನ ಬಸ್ಸು ಹತ್ತಿ, ಮಧ್ಯಾಹ್ನ ಹಾರ್ವರ್ಡಿನಲ್ಲಿ ಕುಳಿತುಕೊಳ್ಳಬಹುದು. ಅಲ್ಲಿ ಪಾಠ ಹೇಳುತ್ತಿರುವವರ ಹುದ್ದೆಯ ಹೆಸರು ‘ಗಾರ್ಡನ್ ಮಕೇ ಪ್ರಾಧ್ಯಾಪಕ’ ಎಂದಿದ್ದರೂ ಇರಬಹುದು.